ಧರ್ಮಶಾಲಾದಲ್ಲಿ ಮ್ಯಾಚ್, ಜೊತೆಗೆ ಎರಡು ದಿನ ಹಿಮಾಲಯ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಮಾರ್ಚ್‌ನಲ್ಲಿ ಭಾರತ-ಇಂಗ್ಲೆಂಡ್ ಟೆಸ್ಟ್ ನೋಡೋಕೆ ನಾವು ನಾಲ್ಕು ಜನ ಹುಬ್ಬಳ್ಳಿಯಿಂದ ಧರ್ಮಶಾಲಾಕ್ಕೆ ಹೋಗಿದ್ದೆವು. ನಾನು, ನನ್ನ ತಮ್ಮ, ಧಾರವಾಡದ ಒಬ್ಬ ಗೆಳೆಯ, ಮತ್ತು 61 ವರ್ಷದ ನಮ್ಮ ಕಾಕಾ. ಅದಾದ ಮೇಲೆ ಅಲ್ಲಿ ಯಾವುದೇ ಮ್ಯಾಚ್ ಘೋಷಣೆಯಾದರೂ ಸಾಕು, ಫೋನ್ ಶುರುವಾಗುತ್ತದೆ. ಎಲ್ಲರದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅದಕ್ಕೇ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮ್ಯಾಚ್ ನೋಡೋಕೆ ಹೋಗ್ತಿದ್ದೇವೆ. ಗುಡ್ಡ ಹತ್ತಲೇಬೇಕಾ?

ಹತ್ತಲೇಬೇಕು ಅಂತೇನಿಲ್ಲ. ಆದರೆ ಆ ಸ್ಟೇಡಿಯಂ ಇರುವುದೇ 1,457 ಮೀಟರ್ ಎತ್ತರದಲ್ಲಿ, ನಮ್ಮ ಹುಬ್ಬಳ್ಳಿಗಿಂತ ಎರಡು ಪಟ್ಟು ಮೇಲೆ. ಸೀಟಿನಲ್ಲಿ ಕೂತರೆ ಎದುರಿಗೆ ಧೌಲಾಧಾರ್ ಬೆಟ್ಟಸಾಲು, ಮೈತುಂಬ ಹಿಮ. ಬೌಲರ್ ರನ್‌ಅಪ್‌ಗೆ ವಾಪಸ್ ನಡೆಯುವಾಗೆಲ್ಲ ನಮ್ಮ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎರಡು ದಿನ ರೈಲಿನಲ್ಲಿ ಕೂತು ಅಷ್ಟು ದೂರ ಹೋಗಿ, ಬೆಟ್ಟವನ್ನು ಬರೀ ಸೀಟಿನಿಂದ ನೋಡಿ ಬಂದರೆ ಮನೆಗೆ ಬಂದ ಮೇಲೆ ಖಂಡಿತ ಬೇಜಾರಾಗುತ್ತದೆ.

ಎಷ್ಟು ದಿನ ರಜೆ ಹಾಕಬೇಕು?

ಮ್ಯಾಚಿನ ದಿನ ಬಿಟ್ಟು ಬೆಟ್ಟಕ್ಕೆ ಅಂತಲೇ ಪೂರ್ತಿ ಎರಡು ದಿನ. ಅರ್ಧ ದಿನ, ಮುಕ್ಕಾಲು ದಿನ ಅಂತ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿದು ಸಂಜೆ ಬಸ್ ಹಿಡಿಯುತ್ತೇವೆ ಅಂತ ಹೊರಟವರನ್ನು ನೋಡಿದ್ದೇನೆ. ದಾರಿಯುದ್ದಕ್ಕೂ ಕೈಗಡಿಯಾರವನ್ನೇ ನೋಡುತ್ತಿದ್ದರು.

ಟೆಸ್ಟ್ ಮ್ಯಾಚ್ ಆದರೆ ಲೆಕ್ಕ ಸ್ವಲ್ಪ ಬೇರೆ. ನಾವು ಐದೂ ದಿನಕ್ಕೆ ತಯಾರಾಗಿ ಹೋಗಿದ್ದೆವು. ಮಾರ್ಚ್ 7ಕ್ಕೆ ಶುರುವಾದ ಆಟ 9ಕ್ಕೇ ಮುಗಿಯಿತು. ಅವತ್ತು ಬೆಳಿಗ್ಗೆ ಆಂಡರ್ಸನ್ 700ನೇ ವಿಕೆಟ್ ತೆಗೆದರು. ಆಮೇಲೆ ತಮ್ಮ 100ನೇ ಟೆಸ್ಟ್ ಆಡುತ್ತಿದ್ದ ಅಶ್ವಿನ್ ಐದು ವಿಕೆಟ್ ಕಿತ್ತರು. ಭಾರತ ಇನಿಂಗ್ಸ್ ಮತ್ತು 64 ರನ್‌ಗಳಿಂದ ಗೆದ್ದಿತು. ನಮ್ಮ ದೇವದತ್ತ ಪಡಿಕ್ಕಲ್ ಮೊದಲ ಟೆಸ್ಟಿನಲ್ಲೇ 65 ಹೊಡೆದದ್ದನ್ನು ಕಣ್ಣಾರೆ ನೋಡಿದೆವು, ಆ ಖುಷಿ ಇವತ್ತಿಗೂ ಇದೆ. ಉಳಿದ ಎರಡು ದಿನ ಬೆಟ್ಟಕ್ಕೆ ಸಿಕ್ಕಿತು. 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಅಲ್ಲಿ ನಡೆದ ಮೊದಲ ಟೆಸ್ಟ್ ಕೂಡ ನಾಲ್ಕನೇ ದಿನಕ್ಕೆ ಮುಗಿದಿತ್ತು. ಎರಡೂ ಇನಿಂಗ್ಸಲ್ಲಿ ಅರ್ಧಶತಕ ಹೊಡೆದವರು ನಮ್ಮ ಕೆ.ಎಲ್. ರಾಹುಲ್. ಹಾಗಂತ ಇದನ್ನೇ ನಂಬಿ ರಜೆ ಕಡಿಮೆ ಹಾಕಬೇಡಿ. ಆಟ ಐದನೇ ದಿನಕ್ಕೂ ಹೋಗಬಹುದು, ಆಗ ಒಂದು ದಿನವಾದರೂ ಕೈಯಲ್ಲಿರಲಿ.

ಮೊದಲು ಗುಡ್ಡವೋ, ಮೊದಲು ಮ್ಯಾಚೋ?

ಮೊದಲು ಮ್ಯಾಚ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೊದಲೇ ಬೆಟ್ಟ ಹತ್ತಿ ಇಳಿದರೆ ಮರುದಿನ ಮೊಣಕಾಲು, ಮೀನಖಂಡ ಎರಡೂ ಹಿಡಿದಿರುತ್ತವೆ, ಸ್ಟ್ಯಾಂಡಿನ ಮೆಟ್ಟಿಲು ಹತ್ತುವುದೂ ಕಷ್ಟ. ಇನ್ನೊಂದು, ಮ್ಯಾಚ್ ಮುಂದಿದ್ದರೆ ತಲೆ ಅಲ್ಲೇ ಇರುತ್ತದೆ. ಟಿಕೆಟ್ ತಗೋಬೇಕು, ಗೇಟ್ ಯಾವುದು, ಟಾಸ್ ಏನಾಯಿತು ಅಂತ. ಅದೆಲ್ಲ ಮುಗಿದ ಮೇಲೆ ನಡೆಯುವ ನಡಿಗೆಯೇ ಬೇರೆ.

ಮೇಲಿನ ಗಾಳಿಗೆ ಮೈ ಒಗ್ಗುವುದಕ್ಕೂ ಮ್ಯಾಚಿನ ದಿನಗಳು ಸಹಾಯ ಮಾಡುತ್ತವೆ. ಬಂದ ದಿನವೇ ಓಡಿ ಹತ್ತುವುದಕ್ಕಿಂತ ಕೆಳಗೆ ಎರಡು ರಾತ್ರಿ ಮಲಗಿ ಹತ್ತುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ಹೋಗೋದು ಹೇಗೆ?

ಮೂರು ದಾರಿ ಹೇಳುತ್ತೇನೆ.

ನಾವು ಹೋದದ್ದು ಯಶವಂತಪುರ-ಚಂಡೀಗಢ ಸಂಪರ್ಕ ಕ್ರಾಂತಿಯಲ್ಲಿ. ವಾರಕ್ಕೆ ಎರಡೇ ದಿನ ಇರುವ ರೈಲು, ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ದೆಹಲಿ ದಾಟಿ ಸೀದಾ ಚಂಡೀಗಢಕ್ಕೆ ಹೋಗುತ್ತದೆ. ಸುಮಾರು ಎರಡು ದಿನದ ಪ್ರಯಾಣ. ಚಂಡೀಗಢದಲ್ಲಿ ಇಳಿದು ಸೆಕ್ಟರ್ 43ರ ಬಸ್ ನಿಲ್ದಾಣಕ್ಕೆ ಹೋದರೆ ಹಿಮಾಚಲ ಸಾರಿಗೆ ಬಸ್ ಸಿಗುತ್ತವೆ. ಅಲ್ಲಿಂದ ಧರ್ಮಶಾಲಾ ಸುಮಾರು 240 ಕಿ.ಮೀ. ದೂರ ನೋಡಿದರೆ ಹುಬ್ಬಳ್ಳಿಯಿಂದ ಚಿತ್ರದುರ್ಗ ದಾಟಿ ಸ್ವಲ್ಪ ಮುಂದೆ ಅಷ್ಟೇ, ಆದರೆ ಕೊನೆಯ ಭಾಗ ಪೂರ್ತಿ ತಿರುವುಗಳು. ಆರೇಳು ಗಂಟೆ ಹಿಡಿಯಿರಿ. ಬಸ್ಸಿನಲ್ಲಿ ವಾಂತಿಯಾಗುವವರು ಮುಂದಿನ ಸೀಟು ಕೇಳಿ ತಗೊಳ್ಳಿ.

ಎರಡನೆಯದು, ದೆಹಲಿವರೆಗೆ ರೈಲು ಅಥವಾ ವಿಮಾನ, ಅಲ್ಲಿಂದ ಕಾಶ್ಮೀರಿ ಗೇಟ್‌ನಲ್ಲಿ ರಾತ್ರಿ ಬಸ್. ಬೆಳಗಾಗುವಷ್ಟರಲ್ಲಿ ಧರ್ಮಶಾಲಾ. ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ ಅನ್ನುವವರು ದೆಹಲಿಯಿಂದ ರಾತ್ರಿ ರೈಲಿಗೆ ಪಠಾಣ್‌ಕೋಟ್‌ಗೆ ಹೋಗಿ, ಅಲ್ಲಿಂದ ಉಳಿದ 90 ಕಿ.ಮೀ ಬಸ್ ಅಥವಾ ಟ್ಯಾಕ್ಸಿ ಹಿಡಿಯಬಹುದು. ವಯಸ್ಸಾದವರಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಮೂರನೆಯದು ಗಗ್ಗಲ್‌ನಲ್ಲಿರುವ ಕಾಂಗ್ರಾ ವಿಮಾನ ನಿಲ್ದಾಣ. ಊರಿಗೆ ತೀರಾ ಹತ್ತಿರ. ಆದರೆ ಸಣ್ಣ ನಿಲ್ದಾಣ, ಮೋಡ ಕವಿದರೆ ವಿಮಾನ ರದ್ದಾಗುತ್ತದೆ. ಮ್ಯಾಚಿನ ದಿನ ಬೆಳಿಗ್ಗೆಯ ವಿಮಾನ ನಂಬಿ ಹೋಗಬೇಡಿ, ಒಂದು ದಿನ ಮೊದಲೇ ಇಳಿಯಿರಿ.

ವಾಪಸ್ ಟಿಕೆಟ್ ಮರೆಯಬೇಡಿ. ಎಲ್ಲರೂ ಹೋಗುವ ಟಿಕೆಟ್ ಬಗ್ಗೆಯೇ ಯೋಚಿಸುತ್ತಾರೆ. ಮ್ಯಾಚ್ ಮುಗಿದ ರಾತ್ರಿ ಇಡೀ ಊರೇ ಕೆಳಗಿಳಿಯುತ್ತದೆ, ಬಸ್ ಸಿಗುವುದಿಲ್ಲ. ನೀವು ಎರಡು ದಿನ ಬಿಟ್ಟು ಇಳಿದರೆ ಆ ಗದ್ದಲವೂ ತಪ್ಪುತ್ತದೆ. ಬೆಟ್ಟಕ್ಕೆ ದಿನ ಇಟ್ಟುಕೊಳ್ಳಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ರೂಮು ಎಲ್ಲಿ ಮಾಡಬೇಕು?

ಎರಡು ಕಡೆ. ಮ್ಯಾಚಿನ ದಿನಗಳಿಗೆ ಕೆಳಗಿನ ಧರ್ಮಶಾಲಾದಲ್ಲಿ, ಸ್ಟೇಡಿಯಂಗೆ ನಡೆದು ಹೋಗುವಷ್ಟು ಹತ್ತಿರ. ಮ್ಯಾಚ್ ಮುಗಿದ ಮರುದಿನ ಬೆಳಿಗ್ಗೆ ಖಾಲಿ ಮಾಡಿ ಮೇಲೆ, ಮೆಕ್ಲಿಯೋಡ್‌ಗಂಜ್ ದಾಟಿ ಧರಮ್‌ಕೋಟ್ ಅಥವಾ ನಡ್ಡಿ ಕಡೆ. ಮ್ಯಾಚಿನ ದಿನ ಮೇಲಿಂದ ಕೆಳಗೆ ಬರುವ ರಸ್ತೆ ತುಂಬಿ ನಿಂತುಬಿಡುತ್ತದೆ. ಮೆಕ್ಲಿಯೋಡ್‌ಗಂಜ್‌ಗೆ 2022ರಿಂದ ರೋಪ್‌ವೇ ಇದೆ. ಒಮ್ಮೆ ಹೋಗಿ ನೋಡಿ, ಕಾಲ ಕೆಳಗೆ ಇಡೀ ಕಣಿವೆ ಕಾಣುತ್ತದೆ.

ನಮಗೆ ರೂಮಿನಲ್ಲೇ ಒಂದು ಪೆಟ್ಟು ಬಿತ್ತು. ಫೋನಿನಲ್ಲಿ ಮಾತಾಡಿ ಗಟ್ಟಿ ಮಾಡಿದ್ದ ಹೋಟೆಲಿನವರು, ಹೋಗಿ ನಿಂತಾಗ, ಮ್ಯಾಚಿನ ರೇಟು ಬೇರೆ ಅಂದರು. ರಾತ್ರಿ ಹತ್ತು ಗಂಟೆ, ಕಾಕಾ ಚಳಿಗೆ ನಡುಗುತ್ತಿದ್ದರು, ಕೊಟ್ಟೆವು. ಹಾಗಾಗಿ ದಿನಾಂಕ, ರೇಟು, ಎಷ್ಟು ಜನ ಅನ್ನುವುದು ಬರವಣಿಗೆಯಲ್ಲಿರಲಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಸ್ವಲ್ಪ ಮುಂಗಡ ಕೊಟ್ಟು ರಸೀದಿ ತಗೊಳ್ಳಿ.

ಟ್ರಿಯುಂಡ್ ಅಂತಾರಲ್ಲ, ನಮ್ಮಂಥವರಿಗೆ ಆಗುತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟ್ರಿಯುಂಡ್ ಸುಮಾರು 2,850 ಮೀಟರ್ ಎತ್ತರದ ಹುಲ್ಲುಗಾವಲು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅದಕ್ಕಿಂತ 900 ಮೀಟರ್ ಮೇಲೆ ಅಂದರೆ ಅಂದಾಜು ಮಾಡಿ. ಮೇಲೆ ನಿಂತರೆ ಒಂದು ಕಡೆ ಕಾಂಗ್ರಾ ಕಣಿವೆ, ಇನ್ನೊಂದು ಕಡೆ ಧೌಲಾಧಾರ್ ಗೋಡೆ. ಧರಮ್‌ಕೋಟ್ ಮೇಲಿನ ಗಾಲೂ ದೇವಸ್ಥಾನದಿಂದ ಕಾಲುದಾರಿ ಶುರು. ಓಕ್ ಮತ್ತು ರೋಡೋಡೆಂಡ್ರಾನ್ ಮರಗಳ ನಡುವೆ ಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ರೋಡೋಡೆಂಡ್ರಾನ್ ಕೆಂಪಗೆ ಹೂ ಬಿಡುತ್ತದೆ, ಅಲ್ಲಿಯವರು ಅದನ್ನು ಬುರಾಂಶ್ ಅನ್ನುತ್ತಾರೆ, ಅದರ ಶರಬತ್ತೂ ಮಾಡುತ್ತಾರೆ. ಮೊದಲರ್ಧ ಹದವಾದ ಏರು. ಕೊನೆಯ ಒಂದು ಕಿಲೋಮೀಟರ್‌ನಲ್ಲಿ 22 ತಿರುವುಗಳಿವೆ, ಕಲ್ಲಿನ ಮೆಟ್ಟಿಲಿನ ಹಾಗೆ ಕಡಿದಾದ ದಾರಿ, ಅಲ್ಲಿ ಎಲ್ಲರಿಗೂ ಏದುಸಿರು. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ.

ದಿನಾ ನಡೆಯುವ ಅಭ್ಯಾಸ ಇರುವವರಿಗೆ ಖಂಡಿತ ಆಗುತ್ತದೆ. ಇಲ್ಲದವರು ಒಂದು ತಿಂಗಳು ಮೊದಲು ಶುರು ಮಾಡಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಬೆಳಿಗ್ಗೆ ಎರಡು-ಮೂರು ಸಲ ಹತ್ತಿ ಇಳಿಯಿರಿ. ಗದಗಿನವರಿಗೆ ಕಪ್ಪತಗುಡ್ಡವೇ ಇದೆಯಲ್ಲ, ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಒಂದು ಭಾನುವಾರ ಗಾಳಿಗುಂಡಿ ಬಸವಣ್ಣನ ಕಡೆ ನಡೆದು ಬನ್ನಿ, ಕಾಲು ಎಷ್ಟು ತಡೆಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಹೊಸ ಬೂಟು ತಗೊಂಡಿದ್ದರೆ ಅಲ್ಲೇ ಪಳಗಿಸಿ. ಬೆಟ್ಟದಲ್ಲಿ ಮೊದಲ ಸಲ ಹಾಕಿಕೊಂಡ ಬೂಟು ಹಿಮ್ಮಡಿ ಕೀಳುತ್ತದೆ.

ನಾವು ತುದಿ ಮುಟ್ಟಲಿಲ್ಲ. ಅದನ್ನೂ ಹೇಳಬೇಕು. ಮಾರ್ಚ್ 10ರ ಬೆಳಿಗ್ಗೆ ಹೊರಟೆವು. ಅರ್ಧ ದಾರಿಯಲ್ಲಿ ಒಂದು ಚಹಾ ಅಂಗಡಿ. ಅಲ್ಲಿಂದ ಮುಂದೆ ನೆರಳಿರುವ ಕಡೆ ಹಿಮ ಗಟ್ಟಿಯಾಗಿ ಗಾಜಿನ ಹಾಗೆ ಕೂತಿತ್ತು. ಕಾಕಾ ಒಂದು ಹೆಜ್ಜೆ ಇಟ್ಟರು, ಬೂಟು ಸರ್ರನೆ ಜಾರಿತು, ತಮ್ಮ ತೋಳು ಹಿಡಿದುಕೊಂಡ. ಅಂಗಡಿಯವನು ಬಿಸಿ ಚಹಾದ ಗ್ಲಾಸ್ ಕೈಗೆ ಕೊಟ್ಟು, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಏಪ್ರಿಲ್ ಕೊನೆಗೆ ಬನ್ನಿ ಅಂದ. ಅಲ್ಲೇ ಬಂಡೆಯ ಮೇಲೆ ಬಿಸಿಲು ಕಾಯುತ್ತ ಎರಡು ಗಂಟೆ ಕೂತೆವು. ತಲೆಯ ಮೇಲೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಕಾಕಾ ಬೂಟು ಬಿಚ್ಚಿ, ಕಾಲು ಚಾಚಿ, ಜೇಬಿನಿಂದ ಧಾರವಾಡ ಪೇಢೆಯ ಪೊಟ್ಟಣ ತೆಗೆದು ಅಂಗಡಿಯವನಿಗೂ ಕೊಟ್ಟರು. ಆ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಆ ಎರಡು ಗಂಟೆ.

ಹಿಮ ಅಥವಾ ಕೆಟ್ಟ ಹವಾಮಾನ ಇದ್ದಾಗ ಜಿಲ್ಲಾಡಳಿತ ಮೇಲಿನ ದಾರಿ ಮುಚ್ಚುತ್ತದೆ. ಮುಚ್ಚಿದ್ದಾರೆ ಅಂದರೆ ಹೋಗಬೇಡಿ. ಟೆಂಟ್ ಹಾಕಿ ರಾತ್ರಿ ಉಳಿಯುವ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಪೊಲೀಸರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಟ್ರಿಯುಂಡ್‌ನಿಂದ ಮುಂದೆ 4,342 ಮೀಟರ್ ಎತ್ತರದ ಇಂದ್ರಹಾರ್ ಕಣಿವೆದಾರಿ ಇದೆ. ಅದು ಮ್ಯಾಚಿಗೆ ಹೋದವರು ಜೊತೆಗೆ ಮಾಡಿ ಬರುವ ಕೆಲಸ ಅಲ್ಲ. ಅದಕ್ಕೆ ಬೇರೆ ತಯಾರಿ ಬೇಕು, ಗೈಡ್ ಬೇಕು.

ಅಪ್ಪ-ಅವ್ವ, ಸಣ್ಣ ಮಕ್ಕಳು ಜೊತೆಗಿದ್ದಾರೆ. ಅವರಿಗೇನು?

ತುಂಬಾ ಇದೆ. ಧರಮ್‌ಕೋಟ್‌ನಿಂದ ಗಾಲೂವರೆಗೆ ಸುಮ್ನೆ ಕಾಡಿನಲ್ಲಿ ನಡೆದು ಬನ್ನಿ. ಭಾಗ್ಸುನಾಗ್ ದೇವಸ್ಥಾನ, ಅದರ ಮೇಲಿನ ಜಲಪಾತ. ದೇವದಾರು ಮರಗಳ ನಡುವೆ 1852ರ ಕಲ್ಲಿನ ಚರ್ಚ್ ಇದೆ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಸುತ್ತಲಿನ ಊರು ನೆಲಸಮವಾಯಿತು, ಸುಮಾರು 20,000 ಜನ ಸತ್ತರು, ಈ ಚರ್ಚಿನ ಗಂಟೆಗೋಪುರವೂ ಬಿತ್ತು, ಕಟ್ಟಡ ಮಾತ್ರ ನಿಂತಿತು. ಒಳಗೆ ಒಂದೈದು ನಿಮಿಷ ಸದ್ದಿಲ್ಲದೆ ಕೂತು ಬನ್ನಿ.

ಕೆಳಗೆ ಚಹಾ ತೋಟಗಳಿವೆ. ಕಾಂಗ್ರಾ ಚಹಾಕ್ಕೆ 2005ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ನಮ್ಮ ಹಾಲು ಹಾಕಿ ಕುದಿಸಿದ ಚಹಾದ ಹಾಗಲ್ಲ ಅದು, ಹಾಲಿಲ್ಲದೆ ಕುಡಿಯಿರಿ.

ಪ್ಯಾರಾಗ್ಲೈಡಿಂಗ್‌ಗೆ ಬೀರ್ ಅನ್ನುವ ಊರಿಗೆ ಹೋಗಬಹುದಾ?

ಸುಮಾರು 70 ಕಿ.ಮೀ. ಅದಕ್ಕೇ ಅಂತ ಒಂದು ಪೂರ್ತಿ ದಿನ ಇದ್ದರೆ ಹೋಗಿ. 2015ರಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿತ್ತು. ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟಕ್ಕೆ ನಿಷೇಧ ಇರುತ್ತದೆ. ಎರಡೇ ದಿನ ಇರುವವರು ಟ್ರಿಯುಂಡ್, ಬೀರ್ ಎರಡನ್ನೂ ತುರುಕಬೇಡಿ.

ಮಳೆ ಬಂದರೆ?

ಬರುತ್ತದೆ. ಹಿಮಾಚಲದಲ್ಲೇ ಜಾಸ್ತಿ ಮಳೆ ಬೀಳುವ ಊರುಗಳಲ್ಲಿ ಧರ್ಮಶಾಲಾ ಒಂದು. ದಕ್ಷಿಣದಿಂದ ಬರುವ ಮೋಡ ಧೌಲಾಧಾರ್‌ಗೆ ಬಡಿದು ಅಲ್ಲೇ ಸುರಿಯುತ್ತದೆ, ನಮ್ಮ ಸಹ್ಯಾದ್ರಿಯಲ್ಲಿ ಆಗುವ ಹಾಗೇ. 2019ರ ಸೆಪ್ಟೆಂಬರ್ 15ರ ಟಿ20 ಮತ್ತು 2020ರ ಮಾರ್ಚ್ 12ರ ಏಕದಿನ ಪಂದ್ಯ, ಎರಡೂ ದಕ್ಷಿಣ ಆಫ್ರಿಕಾ ವಿರುದ್ಧ, ಒಂದು ಎಸೆತವನ್ನೂ ಕಾಣದೆ ರದ್ದಾದವು. 2023ರ ವಿಶ್ವಕಪ್‌ನಲ್ಲಿ ಭಾರತ-ನ್ಯೂಜಿಲೆಂಡ್ ಆಟವನ್ನು ಮಂಜು ಕವಿದು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. 2024ರ ಮೇ 9ರಂದು ಪಂಜಾಬ್ ವಿರುದ್ಧ ಆರ್‌ಸಿಬಿ ಆಡಿದಾಗಲೂ ಮಳೆ ಬಂದಿತ್ತು. ಆಮೇಲೆ ಆಟ ಮುಂದುವರಿದು ಕೊಹ್ಲಿ 92 ಹೊಡೆದರು, 60 ರನ್‌ಗಳಿಂದ ಗೆದ್ದೆವು. ಆ ಮ್ಯಾಚಿಗೆ ನನ್ನ ತಮ್ಮ ಮತ್ತೆ ಹೋಗಿದ್ದ. ಮರುದಿನ ಟ್ರಿಯುಂಡ್ ಹತ್ತಿ ಅಲ್ಲಿಂದಲೇ ಕಾಕಾಗೆ ಫೋನ್ ಮಾಡಿದ.

ಬೆಟ್ಟದಲ್ಲಿ ಒಂದೇ ನಿಯಮ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದೊಳಗೆ ಇಳಿಯಲು ಶುರು ಮಾಡಿ. ಮೋಡ, ಗುಡುಗು, ಆಲಿಕಲ್ಲು ಎಲ್ಲ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಜುಲೈ-ಆಗಸ್ಟ್‌ನಲ್ಲಂತೂ ಬೆಟ್ಟದ ಯೋಚನೆಯೇ ಬೇಡ, ಗುಡ್ಡ ಕುಸಿಯುತ್ತದೆ.

ಏನೇನು ಒಯ್ಯಬೇಕು?

ದಪ್ಪ ಸ್ವೆಟರ್ ಒಂದಕ್ಕಿಂತ ತೆಳ್ಳನೆಯ ಮೂರು ಪದರ ಮೇಲು. ಹತ್ತುವಾಗ ಬೆವರು, ನಿಂತರೆ ಚಳಿ, ಬಿಚ್ಚಿ ಹಾಕಿ ಮಾಡಲು ಅನುಕೂಲ. ಕಿವಿ ಮುಚ್ಚುವ ಟೋಪಿ, ಮಳೆ ಕೋಟು, ಹಿಡಿತ ಇರುವ ಬೂಟು, ದಿನಾ ತಗೊಳ್ಳುವ ಮಾತ್ರೆ. ಮೇ ತಿಂಗಳಾದರೂ ರಾತ್ರಿ ಮ್ಯಾಚಿಗೆ ಸ್ವೆಟರ್ ಬೇಕು. ಸ್ಟೇಡಿಯಂ ಒಳಗೆ ದೊಡ್ಡ ಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕ್ ಬಿಡುವುದಿಲ್ಲ, ಬೆಟ್ಟದ ಚೀಲ ರೂಮಿನಲ್ಲೇ ಇರಲಿ.

ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ವಾರಗಟ್ಟಲೆ ಕೆಡುವುದಿಲ್ಲ, ತೂಕ ಇಲ್ಲ, ಬೆಟ್ಟದ ಮೇಲೆ ಒಂದು ಮೊಸರಿನ ಡಬ್ಬಿ ಇದ್ದರೆ ಊಟ ಆಯಿತು. ನಮ್ಮ ವೈನಿ ಕಟ್ಟಿಕೊಟ್ಟ 40 ರೊಟ್ಟಿ ವಾಪಸ್ ಬರುವಾಗ ಭೋಪಾಲ್‌ವರೆಗೂ ಬಂದವು.

ಭಾಷೆ, ಊಟ ಹೊಂದುತ್ತಾ? ಹಿಂದಿ ಅಷ್ಟು ಬರುವುದಿಲ್ಲ.

ಮುರುಕು ಹಿಂದಿ ಸಾಕು. ರಾಜಮಾ ಅನ್ನ, ರೊಟ್ಟಿ, ದಾಲ್ ಎಲ್ಲ ಕಡೆ ಸಿಗುತ್ತದೆ. ಮೆಕ್ಲಿಯೋಡ್‌ಗಂಜ್‌ನಲ್ಲಿ ಥುಕ್ಪಾ (ಟಿಬೆಟನ್ ನೂಡಲ್ ಸೂಪ್), ಮೊಮೊ ಸಿಗುತ್ತದೆ, ನಮ್ಮ ಕಡೆಯವರಿಗೆ ಅದೇನೂ ಹೊಸದಲ್ಲ. ಹುಬ್ಬಳ್ಳಿಯಿಂದ 50 ಕಿ.ಮೀ ಒಳಗೇ ಮುಂಡಗೋಡದ ಟಿಬೆಟನ್ ಕ್ಯಾಂಪ್ ಇದೆ, 1966ರಿಂದ. ದಲೈ ಲಾಮಾ ಇರುವ ಊರು ಇದು, ಮುಂಡಗೋಡ ಅಂದರೆ ಇಲ್ಲಿನ ಟಿಬೆಟನ್ನರಿಗೆ ತವರಿದ್ದ ಹಾಗೆ.

ದಲೈ ಲಾಮಾ ಅವರ ದೇವಾಲಯದ ಸುತ್ತ ಪ್ರದಕ್ಷಿಣೆ ಹಾಕುವ ದಾರಿಯ ಹತ್ತಿರ ಒಬ್ಬ ಅಜ್ಜಿ ಮೊಮೊ ಮಾರುತ್ತಿದ್ದರು. ನಾವು ನಾವೇ ಮಾತಾಡುವುದನ್ನು ಕೇಳಿ, ಪಾತ್ರೆಯ ಮುಚ್ಚಳ ಕೈಯಲ್ಲೇ ಹಿಡಿದು, "ನೀವು ಹುಬ್ಬಳ್ಳಿ ಕಡೆಯವ್ರೇನ್ರಿ?" ಅಂತ ಕೇಳಿದರು. ಹದಿನೈದು ವರ್ಷ ಮುಂಡಗೋಡದಲ್ಲಿ ಗೋವಿನಜೋಳ ಬೆಳೆದವರು. ಕಾಕಾ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ಮಳೆ ಹೇಗಾಯಿತು, ಜೋಳಕ್ಕೆ ಏನು ರೇಟು ಅಂತ ಇಬ್ಬರೂ ಅರ್ಧ ತಾಸು ಮಾತಾಡಿದರು. ಹಣ ಕೊಡಲು ಹೋದರೆ ಮೊದಲ ತಟ್ಟೆಯದು ತಗೊಳ್ಳಲೇ ಇಲ್ಲ.

ಬೆಟ್ಟದಲ್ಲಿ ಏನು ಮಾಡಬಾರದು?

ಕಸ ಬಿಸಾಕಬಾರದು. ಸ್ಪೀಕರ್‌ನಲ್ಲಿ ಹಾಡು ಹಾಕಬಾರದು. ದೊಡ್ಡ ಮ್ಯಾಚ್ ಇದ್ದಾಗ ಒಂದೇ ವಾರದಲ್ಲಿ ಸಾವಿರಾರು ಜನ ಆ ಸಣ್ಣ ದಾರಿ ಹತ್ತುತ್ತಾರೆ. ಇಳಿಯುವಾಗ ಚಿಪ್ಸ್ ಪಾಕೀಟು, ಬಾಟಲಿಗಳನ್ನು ಬುರಾಂಶ್ ಮರದ ಬುಡದಲ್ಲೇ ನೋಡಿದೆವು, ಹೊಟ್ಟೆ ಉರಿಯಿತು. ಹಿಮಾಚಲದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಮನೆಯಿಂದಲೇ ಎರಡು ಬಟ್ಟೆ ಚೀಲ ಒಯ್ಯಿರಿ. ಒಂದು ಸಾಮಾನಿಗೆ, ಒಂದು ಕಸ ಕೆಳಗೆ ತರಲು.

ರೈಲು, ರೂಮು ಎಲ್ಲ ಬುಕ್ ಆಯಿತು, ಮ್ಯಾಚ್ ಟಿಕೆಟ್ ಮಾತ್ರ ಸಿಗಲಿಲ್ಲ. ರದ್ದು ಮಾಡಬೇಕಾ?

ಬೇಡ, ಹೋಗಿ. ಹೊರಗೆ ಬ್ಲ್ಯಾಕ್‌ನಲ್ಲಿ ಮಾರುವವರ ಹತ್ತಿರ ಮಾತ್ರ ತಗೋಬೇಡಿ, ನಕಲಿ ಟಿಕೆಟ್ ಆದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ಸೀದಾ ಮೇಲೆ ಹೋಗಿ ರೂಮು ಮಾಡಿ. ರಾತ್ರಿ ಮ್ಯಾಚ್ ಇದ್ದರೆ ಕತ್ತಲಾದ ಮೇಲೆ ಮೆಕ್ಲಿಯೋಡ್‌ಗಂಜ್‌ನ ಕೆಳಬದಿಗೆ ಬಂದು ನಿಲ್ಲಿ. ಇಡೀ ಕಣಿವೆ ಕಪ್ಪಗಿರುತ್ತದೆ, ನಡುವೆ ಸ್ಟೇಡಿಯಂ ಒಂದೇ ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿ ಕಾಮೆಂಟರಿ ಕೇಳುತ್ತ ನಿಂತು ನೋಡಿ.